ಗ್ರಾಫಿಕ್ಸ್ ಕಾರ್ಡು ತೆವಳಿದ ನಾಲ್ಕು ದಿನ

ನಾನು ಮೊದಲ ಸಲ ಮನೆ ಬಿಟ್ಟಿದ್ದು ಒಂದು ಸೋಮವಾರ, ಎಂಟನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಜವನಗೊಂಡನಹಳ್ಳಿಯಲ್ಲಿ ಶಾಲೆಗೆ ಇಳಿಯಬೇಕಾದವನು ಬಸ್ಸಲ್ಲೇ ಕುಂತಿದ್ದೆ, ಹಿರಿಯೂರು ಬಂತು. ಆವತ್ತಿನಿಂದ ಎಲ್ಲೂ ಸರಿಯಾಗಿ ಇಳಿದಿಲ್ಲ. ಊರೂರು ತಿರುಗಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಒಂದು ಮೆಷಿನ್ ಕೆಟ್ಟಿದ್ದರೆ ಅದರ ಸುತ್ತ ನಾಲ್ಕು ಜನ ಕೆಟ್ಟಿರುತ್ತಾರೆ, ಹಾಗಾಗಿ ನಗುವುದಕ್ಕೆ ನನಗೆ ಕೊರತೆ ಬಿದ್ದಿಲ್ಲ.

ಬ್ಯಾಗು ಬೀರುವಿನಲ್ಲಿ

ಹೊಳಲ್ಕೆರೆಯ ಒಂದು ಫೋಟೊ ಸ್ಟುಡಿಯೊದಲ್ಲಿ ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟಿತ್ತು. ಹೊಸದು ಹಾಕಿ, ಓಡಿಸಿ ತೋರಿಸಿ, ಹೊಸದುರ್ಗದ ಬಸ್ ಹತ್ತಿದೆ. ಇಳಿಯುವಷ್ಟರಲ್ಲಿ ಓನರ್ ಫೋನು.

"ಏನಪ್ಪ, ಏನ್ ಹಾಕಿ ಹೋದೆ? ಮದುವೆ ವಿಡಿಯೊ ತೆವಳ್ತೈತೆ. ಮದುಮಗಳು ಒಂದು ಹೆಜ್ಜೆ ಇಡೋದ್ರೊಳಗೆ ನಾನು ಟೀ ಕುಡಿದು ಬಂದೆ."

ವಾಪಸ್ ಬಂದೆ. ಮದುವೆ ಹುಡುಗಿ ಸೋಮವಾರ ಗಂಡನ ಊರಿಗೆ ಹೊರಡುವವಳು. ಭಾನುವಾರ ಸಂಜೆಯೊಳಗೆ ವಿಡಿಯೊ ಕೊಡದಿದ್ದರೆ ಆ ಮನೆತನದ ಮುಂದಿನ ಮದುವೆಗಳೆಲ್ಲ ಎದುರಿನ ಸ್ಟುಡಿಯೊ ಪಾಲು. ಓನರ್ ನನ್ನ ಬ್ಯಾಗನ್ನು ಬೀರುವಿಗೆ ಹಾಕಿ ಬೀಗ ಜಡಿದರು.

"ನಿನ್ನ ಕಾಲು ನನಗೆ ಗೊತ್ತೈತೆ. ಮೊದ್ಲು ವಿಡಿಯೊ, ಆಮೇಲೆ ಬ್ಯಾಗು."

"ಸ್ಕ್ರೂಡ್ರೈವರ್ ಅದರೊಳಗೈತಲ್ರಿ."

ಬೀಗ ತೆಗೆದರು. ಸ್ಕ್ರೂಡ್ರೈವರ್ ಒಂದನ್ನೇ ಕೊಟ್ಟು ಮತ್ತೆ ಜಡಿದರು.

ನೂರಕ್ಕೆ ಎರಡು

ಗುರುವಾರ, ಶುಕ್ರವಾರ ವಿಡಿಯೊ ಓಡಿಸುವ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ತೆಗೆದೆ, ಹಾಕಿದೆ, ವಿಂಡೋಸನ್ನೇ ಹೊಸದಾಗಿ ಹಾಕಿದೆ. ಮೂಲೆಯ ಕುರ್ಚಿಯಲ್ಲಿ ಓನರ್ ಅವರ ಮಾವ ಕುಂತಿರುತ್ತಿದ್ದರು, ಬೋರ್‌ವೆಲ್ ಮೋಟ್ರು ರಿಪೇರಿಯಲ್ಲೇ ತಲೆ ನರೆತವರು.

"ಎಷ್ಟಾಯ್ತಪ್ಪ?"

"ವಿಡಿಯೊ ನೂರಕ್ಕೆ ಎರಡು."

"ಬೆಳಿಗ್ಗೇನೂ ಎರಡೇ ಅಂದಿದ್ದೆ."

ನಾನು ಎದ್ದು ಬಾಗಿಲ ತನಕ ಹೋಗಿ ಬಂದೆ. ಮತ್ತೆ ಹೋಗಿ ಬಂದೆ.

"ಕುಂತ್ಕಳಪ್ಪ," ಅಂದರು ಮಾವ. "ಓಡ್ಬೇಕಾಗಿರೋದು ನೀನಲ್ಲ, ಅದು."

ದುರ್ಗದ ತಪಾಸಣೆ

ಶನಿವಾರ, ಬಸ್ಸಿನ ಅವಸರದಲ್ಲಿ ಕೈಗೆ ಸಿಕ್ಕ ವೈರು ಕಿತ್ತು, ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಚಿತ್ರದುರ್ಗಕ್ಕೆ ಹೋದೆ. ಪಕ್ಕದ ಸೀಟಿನ ಅಜ್ಜಿ ಟವೆಲ್ ನೋಡಿ, "ಎಷ್ಟು ತಿಂಗಳಪ್ಪ?" ಅಂತ ಕೇಳಿತು.

ಅಂಗಡಿ ಇಟ್ಟಿರುವ ಗೆಳೆಯ ತನ್ನ ಮೆಷಿನ್ನಿಗೆ ಹಾಕಿದ. ಕಾರ್ಡು ಚಿರತೆಯಂತೆ ಓಡಿತು.

"ಲೇ, ಇದಕ್ಕೇನೂ ಆಗಿಲ್ಲ. ನಿನ್ನನ್ನೇ ತೋರಿಸ್ಕೊ. ಚಂದ್ರವಳ್ಳಿ ಗುಹೆಯಾಗೆ ಎರಡು ದಿನ ಸುಮ್ನೆ ಕುಂತು ಬಾ."

ಬ್ಯಾಗು ಕೈಯಲ್ಲಿದ್ದಿದ್ದರೆ ಅಲ್ಲಿಂದಲೇ ಎತ್ತಲಾದರೂ ಹೋಗುತ್ತಿದ್ದೆ. ಸುಮ್ಮನೆ ಕೂರುವುದೊಂದು ನನ್ನಿಂದಾಗದು.

ಎರಡು ಪ್ಲಗ್ಗು

ಭಾನುವಾರ ಬೆಳಿಗ್ಗೆ ಕಾರ್ಡು ಕೂರಿಸಿ, ಅದಕ್ಕೆ ಕರೆಂಟು ಕೊಡುವ ಎರಡೂ ಪ್ಲಗ್ ಚುಚ್ಚಿದೆ. ಮದುಮಗಳು ಸರಸರ ನಡೆದಳು. ಓನರ್ ಹಿಗ್ಗಿ ಹುಡುಗಿ ಮನೆಗೆ ಹೇಳಲು ಹೋದರು. ನಾನು ಊಟಕ್ಕೆ ಹೊರಟೆ. ಫೋನು ಮರೆತಿದ್ದೆ, ತಿರುಗಿ ಬಂದರೆ ಮಾವ ಮೆಷಿನ್ ಆಫ್ ಮಾಡಿ, ಪಕ್ಕದ ಮುಚ್ಚಳ ತೆಗೆದು, ಒಂದು ಪ್ಲಗ್ ಕೀಳುತ್ತಿದ್ದಾರೆ.

"ಏನ್ ಮಾಡ್ತಿದೀರ ಯಜಮಾನ್ರೆ?"

"ನೀನು ಹೊಸದುರ್ಗದ ಬಸ್ ಹತ್ತಿದ ದಿನಾನೂ ತೆಗ್ದಿದ್ದೆ, ಮತ್ತೆ ಹಾಕಿದೀಯ. ಇಷ್ಟಗಲದ ಕಾರ್ಡಿಗೆ ಎರಡು ಕಡೆಯಿಂದ ಕರೆಂಟು ಕೊಟ್ರೆ ಸಪ್ಲೈ ಸುಡದೆ ಇನ್ನೇನಾಗ್ತೈತೆ? ಮೂರು ಫೇಸಿನ ಮೋಟ್ರು ನಾನು ಎರಡರಾಗೇ ಓಡಿಸಿದೋನು. ಒಂದು ಕೆಪಾಸಿಟರ್ ಕೊಟ್ರೆ ಆಯ್ತು. ಒಂದು ಪ್ಲಗ್ಗಲ್ಲಿ ಇದು ಓಡ್ತೈತೋ ಇಲ್ವೋ?"

"ಓಡ್ತೈತೆ. ತೆವಳ್ತೈತೆ."

"ನೀರು ಸ್ವಲ್ಪ ಸಣ್ಣಗೆ ಬರ್ತೈತೆ. ಅದಕ್ಕೇನೀಗ?"

ನಾನೇ ಹಾಕಿದ ಪ್ಲಗ್ಗು ಎಂಬ ಧೈರ್ಯದಲ್ಲಿ ಅಷ್ಟು ದಿನ ಅತ್ತ ತಿರುಗಿಯೂ ನೋಡಿರಲಿಲ್ಲ. ಮತ್ತೆ ಚುಚ್ಚಿದೆ. ಊಟ ಬಿಟ್ಟು, ಹುಟ್ಟಿದಾಗಿನಿಂದ ಕೂರದಷ್ಟು ಹೊತ್ತು ಅದರ ಪಕ್ಕದಲ್ಲೇ ಕುಂತೆ. ಸಂಜೆ ಹುಡುಗಿಯ ಅಣ್ಣ ಬಂದು ವಿಡಿಯೊ ತೆಗೆದುಕೊಂಡು ಹೋದ. ಓನರ್ ಬೀರು ತೆಗೆದು ಬ್ಯಾಗು ಕೊಟ್ಟರು. ಬಟ್ಟೆ ತುರುಕಿ ಜಿಪ್ ಎಳೆಯುತ್ತಿದ್ದಾಗ ಹಿಂದೆ ಮೆಷಿನ್ನಿನ ಫ್ಯಾನು ನಿಂತ ಸದ್ದು. ತಿರುಗಿದೆ. ಮಾವನ ಕೈ ಒಳಗಿತ್ತು.

"ಮದುವೆ ಮುಗೀತಲ್ಲಪ್ಪ," ಅಂದರು ಮೆಲ್ಲಗೆ. "ಇನ್ನೂ ಎರಡು ಯಾಕೆ?"

ಬೀರುವಿನ ಕೀಲಿ ಓನರ್ ಕೈಯಲ್ಲೇ ಇತ್ತು. ನಾನು ಏನೂ ನೋಡದವನಂತೆ ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಹುಡುಕತೊಡಗಿದೆ.