ಹಂಡೆ ನೀರು ಮತ್ತು ಕೇಸರಿಬಾತ್

ನೀರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಇದನ್ನು ಜಂಬ ಅಂತ ತಿಳಿಯಬೇಡಿ. ಇಪ್ಪತ್ತಾರು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿದ ಮೇಲೆ ಸಹಜವಾಗಿ ಬರುವ ಸ್ಥಿತಿ ಇದು, ಮಂಡಿನೋವು ಬಂದ ಹಾಗೆ. ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾರ ಮನೆಯ ಸಂಪಿನ ನೀರು ಹಳದಿಯಾದರೂ ಲೋಟದಲ್ಲಿ ಹಿಡಿದುಕೊಂಡು ನನ್ನ ಹತ್ತಿರವೇ ಬರುತ್ತಾರೆ. ನಾನು ಲೋಟವನ್ನು ಬೆಳಕಿಗೆ ಹಿಡಿದು, ಮೂಸಿ, "ಹೂಂ" ಎನ್ನುತ್ತೇನೆ. ಅರ್ಧ ಜನ ಅಷ್ಟಕ್ಕೇ ಸಮಾಧಾನವಾಗಿ ಹೋಗುತ್ತಾರೆ. ದೀಪಾಂಜಲಿ ನಗರದಿಂದ ಬರುವ ನಮ್ಮ ಇಂಗ್ಲಿಷ್ ಮೇಷ್ಟ್ರು ಒಮ್ಮೆ ಸುಣ್ಣ ಕಟ್ಟಿದ ಗೀಸರಿನ ಕಾಯಿಲನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿ ಹಾಕಿಕೊಂಡು ಸ್ಟಾಫ್ ರೂಮಿಗೇ ತಂದಿದ್ದರು. ವಿನಿಗರ್‌ನಲ್ಲಿ ನೆನೆಸಿ ಅಂದೆ. ಸರಿಹೋಯಿತು. ಇವತ್ತಿಗೂ ನನ್ನನ್ನು ಕಂಡರೆ ಅವರು ಕುರ್ಚಿ ಬಿಟ್ಟು ಏಳುತ್ತಾರೆ.

ನಮ್ಮ ಮನೆಯಲ್ಲೂ ನೀರಿಗೆ ಒಂದು ಶಿಸ್ತಿದೆ. ದಿನ ಬಿಟ್ಟು ದಿನ ಬರುವ ಕಾವೇರಿ ಅಡುಗೆಗೆ, ಬೋರ್‌ವೆಲ್ ಬಟ್ಟೆಗೆ ಮತ್ತು ಬಚ್ಚಲಿಗೆ, ಫಿಲ್ಟರ್ ಬೇಡವೆಂದು ಹೊರಗೆ ಬಿಡುವ ನೀರು ನೆಲ ಒರೆಸಲು. ಕುಡಿಯುವುದು ಮಾತ್ರ ತಾಮ್ರದ ಚೊಂಬಿನಲ್ಲಿ ತುಂಬಿಟ್ಟದ್ದು. ಯಾವ ಬಕೆಟ್ಟು ಯಾವ ನೀರಿನದು ಅಂತ ಬಣ್ಣ ಹಚ್ಚಿ ಗುರುತು ಮಾಡಿದ್ದೇನೆ. ನನ್ನ ಹೆಂಡತಿ ವಸುಧಾ ನನ್ನನ್ನು "ನೀರಾವರಿ ಮಂತ್ರಿಗಳು" ಅನ್ನುತ್ತಾಳೆ. ಗೌರವದಿಂದಲೇ ಅನ್ನುತ್ತಾಳೆ ಅಂತ ನಾನು ಬಹಳ ವರ್ಷ ನಂಬಿದ್ದೆ.

ಇಂಥ ಮನೆಯಿಂದ ಒಂಬತ್ತನೇ ಕ್ಲಾಸಿನ ಮಗಳು ಮೇಘನಾ ಹತ್ತು ದಿನದ ಶಾಲಾ ಕ್ಯಾಂಪಿಗೆ ಹೊರಟಳು. ಹೋಗುವಾಗ ಅತ್ತಳು. ನಮ್ಮನ್ನು ಬಿಟ್ಟು ಹೋಗುವುದಕ್ಕಲ್ಲ, ಮೀನನ್ನು ಬಿಟ್ಟು ಹೋಗುವುದಕ್ಕೆ. ಹಾಲಿನ ಮೂಲೆಯ ಗಾಜಿನ ತೊಟ್ಟಿಯಲ್ಲಿ ಅವಳದೊಂದು ಗೋಲ್ಡ್‌ಫಿಶ್ ಇದೆ. ಬಣ್ಣ ನೋಡಿ ಅವಳೇ ಇಟ್ಟ ಹೆಸರು ಕೇಸರಿಬಾತ್. ಆರನೇ ಕ್ಲಾಸಿನಲ್ಲಿದ್ದಾಗ ತಂದದ್ದು. ಅವಳು ಹೋಂವರ್ಕ್ ಮಾಡುವಷ್ಟು ಹೊತ್ತೂ ಇವನು ಗಾಜಿಗೆ ಮೂಗು ಒತ್ತಿಕೊಂಡು ನಿಂತಿರುತ್ತಾನೆ.

"ಅಪ್ಪಾ, ನಾನು ವಾಪಸ್ ಬಂದಾಗ ಇವನು ಇರ್ಬೇಕು, ಅಷ್ಟೇ. ನೀರು ಚೇಂಜ್ ಮಾಡೋದು ಹೇಗೆ ಅಂತ ಎಲ್ಲಾ ಹಾಳೇಲಿ ಬರ್ದಿದೀನಿ. ಓದು," ಅಂದಳು. ಆಯ್ತಮ್ಮಾ ಅಂದೆ.

ಹಾಳೆ ಮೀನಿನ ಆಹಾರದ ಡಬ್ಬಿಯ ಕೆಳಗಿತ್ತು. ನಾನು ಓದಲಿಲ್ಲ. ಅಣು, ಪರಮಾಣು ಅಂತ ಇವಳಿಗೆ ಹೇಳಿಕೊಟ್ಟವನೇ ನಾನು, ಈಗ ಇವಳಿಂದ ನಾನು ನೀರಿನ ಪಾಠ ಕಲಿಯಬೇಕೆ? ಆದರೆ ಹಾಳೆಯ ಹಿಂಬದಿ ಪೂರ್ತಿ ಖಾಲಿಯಿತ್ತು. ಒಂದು ಮಗ್ಗುಲು ಖಾಲಿ ಇರುವ ಹಾಳೆ ಕಂಡರೆ ಬಿಡದಿರುವುದು ಮೇಷ್ಟ್ರುಗಳ ಚಾಳಿ. ನಮ್ಮ ಮನೆಯ ದಿನಸಿ ಚೀಟಿಗಳೆಲ್ಲ ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನ ಮೇಲೇ ಇರುತ್ತವೆ. ಸ್ಕೇಲಿಟ್ಟು ಗೆರೆ ಎಳೆದು, "ಜಲಶುದ್ಧಿ ವೇಳಾಪಟ್ಟಿ" ಅಂತ ದಪ್ಪಕ್ಷರದಲ್ಲಿ ಬರೆದು, ತೊಟ್ಟಿಯ ಒಂದು ಬದಿಯ ಗಾಜಿಗೆ ಅಂಟಿಸಿದೆ.

ಆಮೇಲೆ ವಸುಧಾಳನ್ನು ಕೂರಿಸಿ ವಿವರಿಸಿದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ನಮಗೆ ಒಳ್ಳೆಯದು, ಮೀನಿನ ಕಿವಿರಿಗೆ ಉರಿ. ಫಿಲ್ಟರ್ ನೀರು ಹಾಕೋಣವೆಂದರೆ ಅದರಲ್ಲಿ ಖನಿಜವೇ ಉಳಿದಿರುವುದಿಲ್ಲ. ಅದಕ್ಕೇ ನಲ್ಲಿ ನೀರನ್ನು ಬಾಯಿ ಅಗಲವಿರುವ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ತಾನಾಗಿಯೇ ಹೋಗುತ್ತದೆ. ಇಷ್ಟು ಹೇಳಿ ಅಟ್ಟದಿಂದ ತಾಮ್ರದ ಹಂಡೆ ಇಳಿಸಿದೆ.

"ಅಯ್ಯೋ, ಅದು ಅಮ್ಮ ಕೊಟ್ಟಿದ್ದು ಕಣ್ರೀ. ದೀಪಾವಳಿಗೆ ನೀರು ತುಂಬೋ ಹಂಡೆ. ಮೀನಿಗೆ ಅದ್ಯಾಕೆ? ಬಕೆಟ್ ಇಲ್ವಾ?"

"ಪ್ಲಾಸ್ಟಿಕ್ಕಾ? ನಾವು ಕುಡಿಯೋ ನೀರನ್ನೇ ತಾಮ್ರದಲ್ಲಿ ಇಡ್ತೀವಿ. ನಮಗೆ ಒಳ್ಳೇದಾಗಿದ್ದು ಮೀನಿಗೆ ಕೆಟ್ಟದಾಗುತ್ತಾ? ಸ್ವಲ್ಪ ಸೈಂಟಿಫಿಕ್ ಆಗಿ ಯೋಚ್ನೆ ಮಾಡು."

"ಏನಾದ್ರೂ ಮಾಡ್ಕೊಳ್ಳಿ," ಅಂದಳು. ನಾನು ಹುಣಸೆಹಣ್ಣು ಹಾಕಿ ಉಜ್ಜಿ ಹಂಡೆಯನ್ನು ಫಳಫಳ ಮಾಡಿದೆ. ಕೇಸರಿಬಾತನ ಬಣ್ಣಕ್ಕೂ ಹಂಡೆಯ ಬಣ್ಣಕ್ಕೂ ಒಳ್ಳೇ ಹೊಂದಿಕೆಯಾಗಿತ್ತು.

ವೇಳಾಪಟ್ಟಿಯ ಪ್ರಕಾರ ದಿನ ಬಿಟ್ಟು ದಿನ ತೊಟ್ಟಿಯ ಮೂರನೇ ಒಂದು ಭಾಗ ತೆಗೆದು ಹಂಡೆ ನೀರು ತುಂಬಿದೆ. ನಾಲ್ಕನೇ ದಿನ ಕೇಸರಿಬಾತ್ ಊಟ ಬಿಟ್ಟ. ಮಗಳ ನೆನಪಾಗಿರಬೇಕು ಅಂದೆ. ಐದನೇ ದಿನ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದ. ಕ್ಲೋರಿನ್ ಪೂರ್ತಿ ಹೋಗಿಲ್ಲ ಅಂತ ನಿದಾನ ಮಾಡಿ, ನೀರನ್ನು ಹಂಡೆಯಲ್ಲಿ ಒಂದು ದಿನದ ಬದಲು ಎರಡು ದಿನ ಇಟ್ಟೆ. ಆ ನೀರು ಹಾಕಿದ ಮೇಲೆ ಅವನು ತಳ ಸೇರಿ ಒಂದು ಕಡೆಗೆ ವಾಲಿಕೊಂಡ.

ಅವತ್ತೇ ಸಂಜೆ ಕ್ಯಾಂಪಿನಿಂದ ಫೋನ್ ಬಂತು. "ಕೇಸರಿ ಹೇಗಿದಾನೆ ಅಪ್ಪಾ?"

"ಫಸ್ಟ್ ಕ್ಲಾಸ್," ಅಂದೆ. ವಸುಧಾ ನನ್ನನ್ನೇ ನೋಡುತ್ತಿದ್ದಳು. ಫೋನಿಟ್ಟ ಮೇಲೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ನನಗೆ ನಿಜವಾಗಿಯೂ ಭಯವಾಯಿತು. ಪರೀಕ್ಷೆಯಲ್ಲಿ ಮಕ್ಕಳು ಫೇಲಾದರೆ ಪಾಠ ಕೇಳಲಿಲ್ಲ ಅಂತ ಅವರ ಮೇಲೇ ಹಾಕಬಹುದು. ಈ ಮೀನು ನಾನು ಕೊಟ್ಟ ನೀರನ್ನೆಲ್ಲ ತೆಪ್ಪಗೆ ಕುಡಿದಿತ್ತು.

ಚಪ್ಪಲಿ ಮೆಟ್ಟಿ ಮಾರ್ಕೆಟ್ ರಸ್ತೆಯ ಅಕ್ವೇರಿಯಂ ಅಂಗಡಿಗೆ ಓಡಿದೆ. ಅಂಗಡಿಯಾಕೆ ಎಲ್ಲ ಕೇಳಿಸಿಕೊಂಡು, "ನೀರು ಯಾವ ಪಾತ್ರೇಲಿ ಇಡ್ತೀರಾ ಸಾರ್?" ಅಂದರು.

"ತಾಮ್ರದ ಹಂಡೆ," ಅಂದೆ. ಆ ಹೊತ್ತಿನಲ್ಲೂ ದನಿಯಲ್ಲಿ ಕೊಂಚ ಹೆಮ್ಮೆಯಿತ್ತು.

ಆಕೆ ಕೈಲಿದ್ದ ಬಲೆಯನ್ನು ಕೆಳಗಿಟ್ಟರು. "ತಾಮ್ರನಾ? ಸಾರ್, ಅದು ನೀರಿಗೆ ಬಿಟ್ಕೊಳ್ಳುತ್ತೆ. ನಮ್ಗೇನೂ ಆಗಲ್ಲ, ಮೀನಿಗೆ ವಿಷ. ಅದ್ರಲ್ಲೂ ಎರಡು ದಿನ! ನೀವು ಏನ್ ಕೆಲ್ಸ ಮಾಡೋದು ಸಾರ್?"

"ಬ್ಯಾಂಕಲ್ಲಿ," ಅಂದೆ. ಇಪ್ಪತ್ತಾರು ವರ್ಷ ಅನ್ನ ಹಾಕಿದ ಶಾಸ್ತ್ರವನ್ನು ನಡುಬೀದಿಯಲ್ಲಿ ಕೈಬಿಟ್ಟೆ. ಕೆರೆಯ ಪಾಚಿ ಸಾಯಿಸಲು ತಾಮ್ರದ ಸಲ್ಫೇಟ್ ಹಾಕುತ್ತಾರೆ, ಹೆಚ್ಚಾದರೆ ಮೀನೂ ಸಾಯುತ್ತದೆ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುವವನು ನಾನೇ.

ಕ್ಲೋರಿನ್ ತೆಗೆಯುವ ಹನಿ ಔಷಧಿಯ ಸಣ್ಣ ಬಾಟಲಿ ಕೊಟ್ಟು, ದಿನವೂ ಅರ್ಧ ನೀರು ಬದಲಿಸಲು ಹೇಳಿದರು. ಮೂರು ದಿನ ನಾನೂ ವಸುಧಾಳೂ ಅದೇ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ನೀರು ಹೊತ್ತೆವು. ಹಂಡೆಯನ್ನು ಅವಳೇ ಒರೆಸಿ ಅಟ್ಟಕ್ಕೇರಿಸಲು ನನ್ನ ಕೈಗಿತ್ತಳು. ಒಂಬತ್ತನೇ ದಿನ ಕೇಸರಿಬಾತ್ ನೇರವಾದ. ಹತ್ತನೇ ದಿನ ಬೆಳಿಗ್ಗೆ ಒಂದು ಕಾಳು ತಿಂದ. ನನ್ನ ಕಣ್ಣಲ್ಲಿ ನೀರು ಬಂತು ಅಂತ ಹೇಳಲು ಈಗ ಸಂಕೋಚವಿಲ್ಲ.

ಮಧ್ಯಾಹ್ನ ಮೇಘನಾ ಬಂದವಳೇ ಬ್ಯಾಗನ್ನು ಬಾಗಿಲಲ್ಲೇ ಎಸೆದು ತೊಟ್ಟಿಗೆ ಓಡಿದಳು. ಅವನೂ ಬಂದು ಗಾಜಿಗೆ ಮೂಗೊತ್ತಿದ. "ಸ್ವಲ್ಪ ಇಳಿದೋಗಿದಾನೆ ಅಲ್ವಾ?" ಅಂದಳು. ಹವಾಮಾನ, ಅಂದೆ. ಅಡುಗೆಮನೆಯಲ್ಲಿ ವಸುಧಾ ಕೆಮ್ಮಿದಳು.

"ನಾನು ಬರ್ದಿದ್ದೆಲ್ಲಾ ಓದಿದ್ಯಾ?"

"ಓದದೆ ಇರ್ತೀನಾ?"

ಅಷ್ಟರಲ್ಲಿ ಅವಳ ಕಣ್ಣು ತೊಟ್ಟಿಯ ಬದಿಯ ಗಾಜಿನ ಮೇಲಿದ್ದ ವೇಳಾಪಟ್ಟಿಗೆ ಬಿತ್ತು. ಅಂಟು ಕಿತ್ತು, ಹಾಳೆ ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟಳು. ಮೂರನೇ ಸಾಲಿಗೆ ಎರಡೆರಡು ಸಲ ಗೆರೆ ಎಳೆದಿದ್ದಳು: "ಅಪ್ಪಾ, ನೀರು ಬಕೆಟ್‌ನಲ್ಲೇ ಇಡು. ತಾಮ್ರದ್ದು ಯಾವ್ದೂ ಮುಟ್ಟಬೇಡ, ಮೀನು ಸತ್ತೋಗುತ್ತೆ. ನೀನೇ ಹೇಳ್ಕೊಟ್ಟಿದ್ದು."

ಹತ್ತು ದಿನವೂ ಆ ಸಾಲು ಗಾಜಿಗೆ ಅಂಟಿಕೊಂಡು ಒಳಮುಖವಾಗಿತ್ತು. ಮನೆಯಲ್ಲಿ ಅದನ್ನು ಓದಿದ್ದವನು ಕೇಸರಿಬಾತ್ ಒಬ್ಬನೇ.