ನನ್ನ ಹಾಜರಾತಿಯನ್ನು ನುಂಗಿದ ಹಿಪ್ಪುನೇರಳೆ ಮರಕ್ಕೆ

ಗೆ,
ಶ್ರೀಯುತ ಹಿಪ್ಪುನೇರಳೆ ಮರದವರು,
ನಮ್ಮತ್ತೆಯವರ ಅಂಗಳದ ನಟ್ಟನಡುವೆ,
ಮಾರ್ಗಿಲಾನ್ ಪಟ್ಟಣ.

ಮಾನ್ಯರೇ,

ಹೊಸ ಸೊಸೆಯರ ಪದ್ಧತಿಯಂತೆ ಎದೆಯ ಮೇಲೆ ಕೈಯಿಟ್ಟು, ಮೂರು ಸಲ ಬಗ್ಗಿ, ತಮಗೆ ಸಲಾಮು ಸಲ್ಲಿಸುತ್ತೇನೆ. ತಾವು, ತಮ್ಮ ಕೊಂಬೆಗಳು, ಕೊಂಬೆಗಳಲ್ಲಿ ಬಿಡಾರ ಹೂಡಿರುವ ಮೈನಾ ಸಂಸಾರ, ಎಲ್ಲರೂ ಕ್ಷೇಮವೆಂದು ನಂಬುತ್ತೇನೆ. ನಂಬುವುದೇನು ಬಂತು, ದಿನಾ ಬೆಳಿಗ್ಗೆ ಐದಕ್ಕೆ ಕಣ್ಣಾರೆ ನೋಡುತ್ತಿದ್ದೇನೆ. ಕಳೆದ ಅಕ್ಟೋಬರಿನಲ್ಲಿ ಈ ಮನೆಗೆ ಸೊಸೆಯಾಗಿ ಬಂದು, ಅಂದಿನಿಂದ ತಮ್ಮ ಬುಡದಲ್ಲಿ ಪೊರಕೆ ಹಿಡಿದು ಬಗ್ಗಿರುವ ಹೆಣ್ಣುಮಗಳು ನಾನೇ. ಹೆಸರು ಮುಹಯ್ಯೋ. ಬಿಡುವಾದಾಗ, ಅಂದರೆ ತಾವು ಬಿಡುವು ಕೊಟ್ಟಾಗ, ಪಟ್ಟಣದ ವೈದ್ಯಕೀಯ ವಿದ್ಯಾಲಯದಲ್ಲಿ ಓದುತ್ತೇನೆ, ಇಲ್ಲಿಗೆ ಬಂದಾಗ ಎರಡನೇ ವರ್ಷ.

ಮೊದಲಿಗೆ ತಮ್ಮ ಔದಾರ್ಯದ ಬಗ್ಗೆ ಎರಡು ಮಾತು ಹೇಳದಿದ್ದರೆ ಕೃತಘ್ನಳಾದೇನು. ಬೀದಿ ಬದಿಯಲ್ಲಿರುವ ತಮ್ಮ ಬಂಧುಗಳು ಮೊದಲ ಹಿಮ ಬಿದ್ದದ್ದೇ ತಡ, ಇದ್ದಬದ್ದ ಎಲೆಯನ್ನೆಲ್ಲ ಒಂದೇ ದಿನ ಉದುರಿಸಿ ಕೈತೊಳೆದುಕೊಂಡವು. ತಾವು ಅಂಥ ಅವಸರದವರಲ್ಲ. ಮಾವನವರ ತಂದೆ ನೆಟ್ಟ ಮರ, ಮನೆತನದ ಗಾಂಭೀರ್ಯ ಮೈಗೂಡಿದೆ. ದಿನಕ್ಕೆ ಎರಡು ಬುಟ್ಟಿಯಂತೆ ಐದು ವಾರ, ಒಂದು ದಿನವೂ ರಜೆ ಹಾಕದೆ ಉದುರಿಸಿದಿರಿ. ನಾನು ಅಂಗಳದ ಆ ತುದಿಗೆ ಹೋದಾಗ ಈ ತುದಿಗೆ, ಈ ತುದಿಗೆ ಬಂದಾಗ ಆ ತುದಿಗೆ. ಅಂಗಳವಾದ ಮೇಲೆ ಬಾಗಿಲ ಮುಂದಿನ ಬೀದಿ, ಬೀದಿಯಾದ ಮೇಲೆ ನೀರು ಚಿಮುಕಿಸುವುದು, ಆಮೇಲೆ ಮನೆಮಂದಿಗೆಲ್ಲ ಚಹಾ ಮತ್ತು ರೊಟ್ಟಿ. ಎಂಟೂವರೆಗೆ ಅಂಗರಚನಾ ಶಾಸ್ತ್ರದ ತರಗತಿ. ಹತ್ತು ನಿಮಿಷ ತಡವಾದರೆ ಕೋಣೆಯ ಬಾಗಿಲು ಮುಚ್ಚುತ್ತದೆ, ಹಾಜರಿ ಪುಸ್ತಕದಲ್ಲಿ ಎರಡು ಗಂಟೆ ಗೈರು ಬೀಳುತ್ತದೆ. ಅಂಥ ಗೈರು ನಲವತ್ತು ಗಂಟೆ ದಾಟಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ತಪ್ಪಿದರೆ ವರ್ಷ ಹೋಯಿತು. ಮದುವೆಯಾದವಳಿಗೆ ವರ್ಷ ಹೋದರೆ ನಮ್ಮ ಕೇರಿಯಲ್ಲಿ ಅದಕ್ಕೆ ಒಂದೇ ಅರ್ಥ, ಓದಿದ್ದು ಸಾಕು, ಇನ್ನು ತೊಟ್ಟಿಲು ತೂಗು ಎಂದು. ತಾವು ಪೂರ್ತಿ ಬೋಳಾಗುವ ಹೊತ್ತಿಗೆ ನನ್ನ ಹೆಸರಿನ ಮುಂದೆ ಇಪ್ಪತ್ತಾರು ಗಂಟೆ ಸೇರಿತ್ತು.

ನಾನೂ ಓದಿದವಳಲ್ಲವೇ, ಉಪಾಯ ಹುಡುಕಿದೆ. ಸಂಜೆಯೇ ಅಂಗಳ, ಬೀದಿ ಎರಡನ್ನೂ ಗುಡಿಸಿಟ್ಟರೆ ಬೆಳಿಗ್ಗೆ ಒಂದು ಗಂಟೆ ಉಳಿಯುತ್ತದೆಂದು ಲೆಕ್ಕ ಹಾಕಿ, ಮೂರು ದಿನ ಹಾಗೇ ಮಾಡಿ, ಮೂರು ದಿನವೂ ಮುಂದಿನ ಸಾಲಿನಲ್ಲಿ ಕುಳಿತು ಬೆನ್ನುಮೂಳೆಯ ಪಾಠ ಕೇಳಿದೆ. ನಾಲ್ಕನೇ ದಿನ ಎದುರುಮನೆಯ ಮಾವ್ಜುದಾ ಖಾಲಾ ಬಾಗಿಲಿಗೇ ಬಂದು, "ಏನವ್ವಾ, ಸೊಸೆಗೆ ಹುಷಾರಿಲ್ವಾ? ಬೆಳಗಿನ ಹೊತ್ತು ಪೊರಕೆ ಸದ್ದೇ ಇಲ್ಲ ನಿಮ್ಮನೆ ಮುಂದೆ" ಎಂದು ತುಂಬಾ ಮರುಕದಿಂದ ವಿಚಾರಿಸಿದರು. ಅವರು ಹೋದ ಮೇಲೆ ಅತ್ತೆಯವರು ಗದರಲಿಲ್ಲ. ಅವರು ಗದರುವವರೇ ಅಲ್ಲ. "ಮಗಳೇ, ಸಂಜೆ ಗುಡಿಸಿದ್ರೆ ಕಸ ಹೋಗುತ್ತೆ, ಅಷ್ಟೇ. ಬೆಳಿಗ್ಗೆ ಗುಡಿಸಿದ್ರೆ ನಾಲ್ಕು ಜನ ನೋಡ್ತಾರೆ" ಎಂದರು. ಇಡೀ ವರ್ಷದಲ್ಲಿ ನಾನು ಕೇಳಿದ ಅತ್ಯಂತ ಸ್ಪಷ್ಟವಾದ ಪಾಠ ಅದು. ಮರುದಿನದಿಂದ ಮತ್ತೆ ತಮ್ಮ ಸೇವೆಗೆ ಹಾಜರಾದೆ.

ಗಂಡನಿಗೆ ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ಹೇಳಿದೆ. ಅಸ್ಕರ್ ಬಹಳ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡು, "ಅಮ್ಮನ ಹತ್ರ ಮಾತಾಡ್ತೀನಿ" ಎಂದರು. ಇಂದಿಗೆ ಎಂಟು ತಿಂಗಳಾಯಿತು, ಇನ್ನೂ ಮಾತು ಜೋಡಿಸುತ್ತಿದ್ದಾರೆ. ಅತ್ತೆಯವರ ಮೇಲೆ ದೂರು ಹೇಳಲು ನನಗೂ ಬಾಯಿ ಬರುವುದಿಲ್ಲ. ಹೆಣ್ಣು ಕೇಳಲು ಬಂದ ದಿನ, "ಓದ್ಲಿ, ಓದ್ಲಿ, ನಮಗೆ ಡಾಕ್ಟರ್ ಸೊಸೆನೇ ಬೇಕು" ಎಂದು ನಮ್ಮಪ್ಪನಿಗೆ ಮಾತು ಕೊಟ್ಟಿದ್ದರು, ಆ ಮಾತಿಗೆ ಒಂದು ದಿನವೂ ತಪ್ಪಿಲ್ಲ. ಕೇರಿಯ ಹೆಂಗಸರನ್ನೆಲ್ಲ ಸರದಿಯಂತೆ ಕರೆದು ತಾವು ನೆರಳು ಕೊಡುವ ಮಂಚದ ಮೇಲೆ ಕೂರಿಸಿ, ನನ್ನಿಂದ ಅವರ ರಕ್ತದೊತ್ತಡ ನೋಡಿಸುತ್ತಾರೆ. ಒಂದು ಕೈಯಲ್ಲಿ ಚಹಾ ಬಟ್ಟಲು, ಇನ್ನೊಂದು ಕೈಗೆ ನನ್ನ ಪಟ್ಟಿ. ಒತ್ತಡ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ ಎಂದರೆ ಮಾವ್ಜುದಾ ಖಾಲಾ, "ಹುಡುಗಿ ಇನ್ನೂ ಎರಡನೇ ವರ್ಷ ಅಲ್ವಾ, ಉಪ್ಪಿನ ಪಾಠ ಮುಂದಿನ ವರ್ಷ ಇರ್ಬೇಕು" ಎನ್ನುತ್ತಿದ್ದರು. ಆ ಮುಂದಿನ ವರ್ಷ ಬರಬೇಕೆಂಬುದೇ ನನ್ನ ಆಸೆಯೂ ಆಗಿತ್ತು.

ಹೀಗಾಗಿ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ವಿದ್ಯಾಲಯದ ವೇಳಾಪಟ್ಟಿಯ ಒಂದು ಪ್ರತಿಯನ್ನು ತಮ್ಮ ಕಾಂಡಕ್ಕೆ ಅಂಟಿಸುತ್ತೇನೆ. ದಯವಿಟ್ಟು ಎಲೆಗಳನ್ನು ಭಾನುವಾರದವರೆಗೆ ತಡೆದು ಹಿಡಿಯಿರಿ. ಅದಾಗದಿದ್ದರೆ ಗಾಳಿಯೊಂದಿಗೆ ಮಾತಾಡಿ ಅಷ್ಟನ್ನೂ ಮಾವ್ಜುದಾ ಖಾಲಾರ ಅಂಗಳಕ್ಕೆ ಕಳುಹಿಸಿ, ಅವರಿಗೆ ಪೊರಕೆ ಸದ್ದೆಂದರೆ ಪ್ರಾಣ. ಅದೂ ಆಗದಿದ್ದರೆ ನನ್ನ ಬದಲು ತಾವೇ ತರಗತಿಗೆ ಹೋಗಿ ಬನ್ನಿ. ನೆಟ್ಟಗೆ ನಿಲ್ಲುತ್ತೀರಿ, ನಡುವೆ ಮಾತಾಡುವುದಿಲ್ಲ, ಅಧ್ಯಾಪಕರಿಗೆ ಇಷ್ಟವಾಗುತ್ತೀರಿ. ಹಾಗೆಯೇ, ಓದುತ್ತಿರುವಾಗಲೇ ಮದುವೆಗೆ ಹೊರಟಿರುವ ನನ್ನ ಸಹಪಾಠಿಗಳಿಗೆ ತಮ್ಮ ಮುಖಾಂತರ ಒಂದು ಸಲಹೆ: ಹುಡುಗನ ಹಲ್ಲು, ಸಂಬಳ, ಸ್ವಭಾವ ಏನನ್ನೂ ನೋಡಬೇಡಿ, ಅಂಗಳ ನೋಡಿ. ಸಿಮೆಂಟು ಹಾಕಿದ್ದು, ಮರವಿಲ್ಲದ್ದು, ಎದುರಿಗೆ ಮನೆಯೂ ಇಲ್ಲದ್ದು ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ.

ಚಳಿಗಾಲದಲ್ಲಿ ಉದುರಿಸಲು ತಮ್ಮ ಬಳಿ ಏನೂ ಉಳಿದಿರಲಿಲ್ಲ, ನಾನೂ ನಾಲ್ಕು ಅಕ್ಷರ ಓದಿದೆ. ಆದರೆ ವಸಂತದಲ್ಲಿ ತಾವು ಮತ್ತೆ ಚಿಗುರಿದಿರಿ, ಆ ಚಿಗುರಿಗಾಗಿ ರೇಷ್ಮೆ ಹುಳುಗಳು ಬಂದವು. ಮನೆಯಲ್ಲಿ ಅತಿ ಬೆಚ್ಚಗಿನ, ಅತಿ ಸದ್ದಿಲ್ಲದ ಕೋಣೆ ಅವುಗಳಿಗೆ ಬೇಕಂತೆ. ಅದು ನನ್ನ ಓದುವ ಕೋಣೆ. ನನ್ನ ಮೇಜನ್ನು ಹೊರಗೆ ಹಾಕಿ ಅಲ್ಲಿ ಅಟ್ಟಣೆ ಕಟ್ಟಿದರು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಹುಳುಗಳ ಹಸಿವನ್ನು ತಾವು ಬಲ್ಲಿರಿ. ಹೊತ್ತು ಹೊತ್ತಿಗೆ ತಮ್ಮ ಕೊಂಬೆ ಕಡಿದು ಹಾಸಬೇಕು. ಕೈಗೆಟುಕುವ ಎಲೆಯೆಲ್ಲ ಹುಳುಗಳಿಗೆ ಹೋದರೆ, ಕೈಗೆಟುಕದ ಹಣ್ಣೆಲ್ಲ ಅಂಗಳಕ್ಕೆ ಬಿದ್ದು, ಪೊರಕೆಗೂ ಚಪ್ಪಲಿಗೂ ಅಂಟಿಕೊಂಡಿತು. ಅಂತೂ ಮೇ ತಿಂಗಳ ಮಧ್ಯದಲ್ಲಿ ಹುಳುಗಳು ದುಂಡಗಾದವು, ನನ್ನ ಗೈರು ನಲವತ್ತೆರಡು ಗಂಟೆಯಾಯಿತು.

ನಮ್ಮ ವರ್ಷದ ಉಸ್ತುವಾರಿ ಹೊತ್ತ ಮುಕರ್ರಮ್ ದೋಮ್ಲಾ, ಅಂದರೆ ಮುಕರ್ರಮ್ ಗುರುಗಳು, ಕರೆಸಿದರು. ಬಹಳ ಕಟ್ಟುನಿಟ್ಟಿನ ಅಧ್ಯಾಪಕಿ, ಆದರೆ ವಿವರಣೆ ಬರೆಯದೆ ಯಾರನ್ನೂ ಹೊರಗೆ ಹಾಕುವುದಿಲ್ಲ. ಕಾಗದ ಮುಂದಿಟ್ಟು, "ಕಾರಣ ಬರಿ. ಕಾಯಿಲೆ ಅಂದ್ರೆ ವೈದ್ಯರ ಮೊಹರು ಬೇಕು. ಮನೆಕೆಲಸ ಅಂತ ಬರೀಬೇಡ, ಅದನ್ನ ಇಲ್ಲಿ ಯಾರೂ ಕಾರಣ ಅನ್ನಲ್ಲ" ಎಂದರು. ಕಾಯಿಲೆ ಇರಲಿಲ್ಲ. ಅತ್ತೆ ಎಂದು ಬರೆದರೆ ಮನೆಯ ಮಾನ ಕಡತ ಸೇರುತ್ತದೆ. ಬೇರೆ ದಾರಿ ಕಾಣದೆ, ತಮ್ಮ ಅಪ್ಪಣೆ ಕೇಳದೆ, ತಮ್ಮ ಹೆಸರು ಬರೆದೆ: "ನನ್ನ ಗೈರುಹಾಜರಿಗೆ ನಮ್ಮ ಅಂಗಳದ ಹಿಪ್ಪುನೇರಳೆ ಮರ ಕಾರಣ."

ದೋಮ್ಲಾ ಓದಿ ಕನ್ನಡಕ ತೆಗೆದರು. "ಈ ಮರ ನಿನ್ನ ಕೈಗೆ ಪೊರಕೆ ಕೊಡ್ತಾ?"

"ಇಲ್ಲ, ದೋಮ್ಲಾ."

"ಹಾಗಾದ್ರೆ ಕೊಟ್ಟೋರ ಸಹಿ ಹಾಕಿಸ್ಕೊಂಡು ಬಾ. ನಾಳೆ ಮಧ್ಯಾಹ್ನದೊಳಗೆ. ಇಲ್ದಿದ್ರೆ ಪರೀಕ್ಷೆ ಪಟ್ಟೀಲಿ ನಿನ್ನ ಹೆಸರಿರಲ್ಲ."

ಆ ಸಂಜೆ ಕಾಗದವನ್ನು ಅತ್ತೆಯವರ ಕೈಗೆ ಕೊಟ್ಟೆ, ತಾವೂ ನೋಡಿದ್ದೀರಿ. ಅವರು ಮಂಚದ ಮೇಲೆ ಕುಳಿತು ಎರಡು ಸಲ ಓದಿದರು. "ಮರಕ್ಕೆ ಬಾಯಿಲ್ಲ ಅಂತ ಅದರ ಮೇಲೆ ಹಾಕಿದ್ಯಾ? ಪೆನ್ನು ಕೊಡು" ಎಂದರು. ಹಿಪ್ಪುನೇರಳೆ ಮರ ಎಂದಿದ್ದ ತಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದು, ಅದರ ಮೇಲೆ "ಅತ್ತೆ ಹೋಸಿಯತ್" ಎಂದು ಬರೆದು, ಕೆಳಗೆ ಸಹಿ ಹಾಕಿದರು. ಅಂಥ ದುಂಡಗಿನ ಅಕ್ಷರವನ್ನು ನಾನು ಆ ಮನೆಯಲ್ಲಿ ಅದುವರೆಗೆ ನೋಡಿರಲಿಲ್ಲ. ಎಲ್ಲಿ ಕಲಿತಿರಿ ಅಮ್ಮ ಎಂದು ಕೇಳಿದೆ. "ಟೀಚರ್ ಆಗ್ಬೇಕಿತ್ತು. ನಿನ್ನ ಹಾಗೇ ಎರಡನೇ ವರ್ಷ. ಆಮೇಲೆ ಈ ಮನೆಗೆ ಬಂದೆ" ಎಂದರು. ನನಗೆ ಅಳು ಬಂತು. ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಅವರು ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಕೈಗಿಟ್ಟು, "ನಾಳೆ ಗುಡಿಸಿ ಆದ ಮೇಲೆ ತಗೊಂಡು ಹೋಗು" ಎಂದರು.

ಗುಡಿಸಿ ಆದ ಮೇಲೆ ತೆಗೆದುಕೊಂಡು ಹೋದೆ. ದೋಮ್ಲಾ ಓದಿ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿದರು. ಪರೀಕ್ಷೆಯಲ್ಲಿ ಐದಕ್ಕೆ ಮೂರು ಬಂದಿದೆ, ಮೂರನೇ ವರ್ಷಕ್ಕೆ ಕಾಲಿಟ್ಟಿದ್ದೇನೆ. ಆದ್ದರಿಂದ ತಮ್ಮ ಮೇಲೆ ಹೊರಿಸಿದ್ದ ಆರೋಪವನ್ನು ಕಡತದಿಂದ ಹೊಡೆದುಹಾಕಲಾಗಿದೆಯೆಂದು ಈ ಮೂಲಕ ತಿಳಿಸುತ್ತಾ, ತಮಗಾದ ಮಾನಹಾನಿಗೆ ಕ್ಷಮೆ ಕೋರುತ್ತೇನೆ. ಎಲೆಗಳ ವಿಷಯದಲ್ಲಿ ಮಾತ್ರ ನನ್ನ ಬಿನ್ನಹಗಳು ಹಾಗೆಯೇ ಇವೆ.

ತಮ್ಮ ನೆರಳಿಗೂ ಕಸಕ್ಕೂ ಸಮಾನ ಹಕ್ಕುದಾರಳಾದ,
ತಮ್ಮ ವಿಶ್ವಾಸಿ,
ಮುಹಯ್ಯೋ

ಮರೆತಿದ್ದ ಮಾತು: ಮೈದುನನಿಗೆ ಸೆಪ್ಟೆಂಬರಿನಲ್ಲಿ ಮದುವೆ, ನಮ್ಮಲ್ಲಿ ಪೊರಕೆ ಯಾವಾಗಲೂ ಕಿರಿಯ ಸೊಸೆಯದು. ಹುಡುಗಿಯ ಹೆಸರು ನಸೀಬಾ, ನಮ್ಮದೇ ವಿದ್ಯಾಲಯದಲ್ಲಿ ಈಗಷ್ಟೇ ಮೊದಲ ವರ್ಷ ಮುಗಿಸಿದ್ದಾಳೆ. ನಿನ್ನೆ ಅವರ ಮನೆಗೆ ಹೋದ ಹೆಂಗಸರಲ್ಲಿ ನಾನೂ ಒಬ್ಬಳು. ಅತ್ತೆಯವರು ಬಾದಾಮಿ ಸುಲಿಯುತ್ತಾ ಕುಳಿತಿದ್ದರು. "ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯಮ್ಮಾ?" ಎಂದು ಆ ಹುಡುಗಿಯನ್ನು ಕೇಳಿದವಳು ನಾನು. "ನಾಲ್ಕೂವರೆಗೆ, ಅಕ್ಕಾ" ಎಂದಳು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಮನೆಗೆ ಬಂದು ತಮ್ಮ ಮುಖ ನೋಡಲು ನಾಚಿಕೆಯಾಯಿತು.