ಕೋಳಿಗೂಡಿನ ನೆಲಕ್ಕೆ ಹಸಿರು ಚೀಟಿ

ಕೋಳಿಗೂಡಿನ ನೆಲಕ್ಕೆ ಏನು ಹಾಸಬೇಕು ಎಂದು ತೀರ್ಮಾನಿಸಲು ನನ್ನಷ್ಟು ಅರ್ಹ ಮನುಷ್ಯ ಇಡೀ ಪೀಣ್ಯದಲ್ಲಿ ಇನ್ನೊಬ್ಬನಿರಲಿಲ್ಲ. ಜಂಬದಿಂದ ಹೇಳುತ್ತಿಲ್ಲ, ಆಗ ನನಗೆ ಹಾಗೆಯೇ ಅನ್ನಿಸಿತ್ತು. ಹಿತ್ತಾಳೆಯ ನಟ್ಟು, ತಿರುಪು, ವಾಷರ್ ಮಾಡುವ ಒಂದು ಸಣ್ಣ ಫ್ಯಾಕ್ಟರಿಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ನಾನಿದ್ದೆ. ವಿಭಾಗ ಎಂದರೆ ನಾನು, ಒಂದು ಮೇಜು, ಒಂದು ಮೈಕ್ರೋಮೀಟರ್ ಮತ್ತು ಎರಡು ಬಣ್ಣದ ಚೀಟಿಗಳು. ಅಳತೆ ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು. ಮಾಲೀಕರ ಭಾವಮೈದ ಮಾಡಿದ ವಾಷರಿಗೂ ಮುಲಾಜಿಲ್ಲದೆ ಕೆಂಪು ಚೀಟಿ ಕಟ್ಟಿದವನು ನಾನು! ಅಂಥವನಿಗೆ ಏಳು ಕೋಳಿ ಯಾವ ಲೆಕ್ಕ?

ಆ ಏಳು ಕೋಳಿ ನಮ್ಮ ಮನೆಗೆ ಬಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಆ ವರ್ಷ ನನ್ನ ಹೆಂಡತಿ ಸರೋಜಳಿಗೆ ಎಂಟನೇ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯಿಂದ ಬಂದವಳು ಮಂಚ ಹಿಡಿದಳು. ಜ್ವರವಿಲ್ಲ, ನೋವಿಲ್ಲ, ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಅಳಲೂ ಇಲ್ಲ. ಎರಡು ತಿಂಗಳ ಕಾಲ ದಿನಾ ಬೆಳಿಗ್ಗೆ "ತಿಂಡಿ ತಿಂದ್ಯಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಸೈಕಲ್ ಹತ್ತಿ ಓಡಿಹೋಗುತ್ತಿದ್ದೆ.

ನಮ್ಮ ಮನೆಯ ಓನರ್ ಮುನಿಯಮ್ಮನವರು ಆ ಊರಿನ ಹಳೇ ಒಕ್ಕಲು. ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲಾಗಿ ನಾಲ್ಕು ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟು, ತಾವು ಕೊನೆಯ ಹೆಂಚಿನ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ಅವರು ದೊಡ್ಡದೊಂದು ಬಿದಿರು ಬುಟ್ಟಿ ತಂದು ಸರೋಜಳ ಮಂಚದ ಪಕ್ಕ ಇಟ್ಟು ಮುಚ್ಚಳ ತೆಗೆದರು. ಏಳು ನಾಟಿ ಕೋಳಿಗಳು ಎದ್ದು ಮನೆಯೆಲ್ಲ ಹಾರಾಡಿದವು.

"ಏಳು ಮಗಾ. ನನ್ ಕೈಲಿ ಇವನ್ನ ನೋಡ್ಕೊಳಕ್ಕಾಗಲ್ಲ, ಸೊಂಟ ಇಡ್ಕೊಂಡೈತೆ. ಇನ್ಮೇಲೆ ನೀನೇ ಸಾಕ್ಬೇಕು," ಎಂದರು.

ಶುದ್ಧ ಸುಳ್ಳು! ಅವರ ಸೊಂಟ ನಮ್ಮ ಫ್ಯಾಕ್ಟರಿಯ ಲೇತ್ ಮಿಷನ್ನಿಗಿಂತ ಗಟ್ಟಿಯಾಗಿತ್ತು. ಆದರೆ ಒಂದು ಕೋಳಿ ನೇರವಾಗಿ ಸರೋಜಳ ದಿಂಬಿನ ಮೇಲೆ ಹಿಕ್ಕೆ ಹಾಕಿತು. ಅವಳು ಎದ್ದಳು. ದಿಂಬಿನ ಕವರು ಒಗೆದಳು. ಒಗೆದವಳು ಹಿತ್ತಿಲಿಗೆ ಹೋಗಿ ಕೋಳಿಗಳಿಗೆ ನುಚ್ಚು ಹಾಕಿದಳು. ಒಂದು ವಾರದೊಳಗೆ ಏಳಕ್ಕೂ ಹೆಸರಿಟ್ಟಳು. ಕಪ್ಪಗಿದ್ದದ್ದು ಕಪ್ಪಿ, ದಿಂಬು ಕೆಡಿಸಿದ್ದು ಜಂಬಗಾತಿ. ಉಳಿದ ಹೆಸರುಗಳನ್ನು ನಾನೀಗ ಹೇಳಲಾರೆ.

ಆ ಕೋಳಿಗಳು ಉಳಿದರೆ ಇವಳು ಎದ್ದು ಓಡಾಡುತ್ತಾಳೆ. ನನ್ನ ಮಟ್ಟಿಗೆ ವಿಷಯ ಇಷ್ಟೇ ಇತ್ತು. ಬಿದಿರು ದಬ್ಬೆ, ಕಬ್ಬಿಣದ ಬಲೆ ತಂದು ಹಿತ್ತಿಲ ಅರ್ಧ ಭಾಗಕ್ಕೆ ಬೇಲಿ ಕಟ್ಟಿ, ಮೂಲೆಯಲ್ಲಿ ಒಂದು ಗೂಡು ಮಾಡಿಕೊಟ್ಟೆ. ಅಷ್ಟರಲ್ಲಿ ಮಳೆಗಾಲ ಶುರುವಾಯಿತು.

"ರೀ, ಒಳಗೆಲ್ಲ ಕೆಸರು. ಪಾಪ, ಕಾಲೂರೋಕೆ ಜಾಗ ಇಲ್ಲ ಅವಕ್ಕೆ. ನೆಲಕ್ಕೆ ಏನಾದ್ರೂ ಹಾಸಿಕೊಡ್ತೀರಾ?" ಎಂದು ಸರೋಜ ಕೇಳಿದಳು.

ಮೂರು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಸಹಾಯ! ನಾನು ನೋಟ್‌ಬುಕ್ ತೆಗೆದು ಹೊಸ ಪುಟದ ಮೇಲೆ 'ವಿಷಯ: ಕೋಳಿಗೂಡಿನ ನೆಲಹಾಸು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಮೊದಲ ಸಾಕ್ಷಿಯಾಗಿ ಮುನಿಯಮ್ಮನವರ ವಿಚಾರಣೆ ನಡೆಯಿತು.

"ಒಣ ಮಣ್ಣು, ಒಲೆ ಬೂದಿ, ಮೇಲೊಂದಿಷ್ಟು ರಾಗಿ ಉಲ್ಲು. ಅಷ್ಟೇ ಕಣಪ್ಪ."

"ಬೂದಿ ಎಷ್ಟು ಹಾಕ್ಬೇಕು?"

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೆ ಎಷ್ಟಮ್ಮ?"

"ಸಾಕಾಗೋವಷ್ಟು!"

ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಮನಸ್ಸಿನಲ್ಲೇ ಮುನಿಯಮ್ಮನವರಿಗೆ ಕೆಂಪು ಚೀಟಿ ಕಟ್ಟಿ ಕಳಿಸಿದೆ.

ನನ್ನ ಮೊದಲ ಆಯ್ಕೆ ಸಿಮೆಂಟು. ಭಾನುವಾರ ಇಡೀ ದಿನ ಕೂತು ಕರಣೆಯಲ್ಲಿ ತೀಡಿ ತೀಡಿ ನೆಲ ಮಾಡಿದೆ. ಮೇಸ್ತ್ರಿಗಳು ಇಡುವ ರಸಮಟ್ಟವನ್ನು ಎಂಟು ಕಡೆ ಇಟ್ಟು ನೋಡಿದೆ. ಎಲ್ಲಾ ಕಡೆಯೂ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಆ ನೆಲ ಎಷ್ಟು ಮಟ್ಟವಾಗಿತ್ತೆಂದರೆ, ಮೊದಲ ಮಳೆಗೆ ಬಿದ್ದ ನೀರು ಯಾವ ಕಡೆಗೂ ಹರಿಯಲಿಲ್ಲ! ಮಾರನೆಯ ಬೆಳಿಗ್ಗೆ ಕೋಳಿಗಳು ಪಾದ ಮುಳುಗುವಷ್ಟು ನೀರಿನಲ್ಲಿ ಒಂದು ಕಾಲೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದವು. ಜಂಬಗಾತಿ ಮಾತ್ರ ಇರಲಿಲ್ಲ. ಅದು ಬಲೆ ಹಾರಿ ಹೋಗಿ ಮುನಿಯಮ್ಮನವರ ಬಚ್ಚಲ ಒಲೆಯ ಪಕ್ಕದ ಬೂದಿ ಗುಡ್ಡೆಯಲ್ಲಿ ಮಲಗಿತ್ತು. ಅಂದಿನಿಂದ ಅದು ಗೂಡಿಗೆ ಕಾಲಿಡಲೇ ಇಲ್ಲ. ಅದನ್ನು ನಾನು ಶಿಸ್ತಿಲ್ಲದ ಕೋಳಿ ಎಂದು ನೋಟ್‌ಬುಕ್ಕಿನಲ್ಲಿ ದಾಖಲಿಸಿದೆ.

ಸಿಮೆಂಟು ಒಡೆದು ತೆಗೆದೆ. ಎರಡನೆಯ ಆಯ್ಕೆ, ಪಕ್ಕದ ಫೌಂಡ್ರಿಯವರು ಎರಕಕ್ಕೆ ಅಚ್ಚು ಮಾಡಿ ಬಿಸಾಡಿದ ಮರಳು. ನೀರು ಚೆನ್ನಾಗಿ ಬಸಿಯಿತು, ಅದರಲ್ಲಿ ತಪ್ಪಿಲ್ಲ. ಆದರೆ ಆ ಮರಳಿಗೆ ಕಲ್ಲಿದ್ದಲ ಪುಡಿ ಬೆರೆಸಿರುತ್ತಾರೆ. ಕೋಳಿಗಳು ಸಂತೋಷವಾಗಿ ಮಣ್ಣಿನ ಸ್ನಾನ ಮಾಡಿ ಎದ್ದಾಗ ಆರೂ ಕಪ್ಪಿಯರಾಗಿದ್ದವು.

"ಇದ್ರಲ್ಲಿ ನನ್ ಕಪ್ಪಿ ಯಾವ್ದ್ರೀ?" ಎಂದು ಸರೋಜ ಗೂಡಿನ ಮುಂದೆ ನಿಂತು ಕೇಳಿದಳು. ಆರನ್ನೂ ಬಿಸಿನೀರಲ್ಲಿ ತೊಳೆದು ಕಂಡುಹಿಡಿಯಬೇಕಾಯಿತು.

ನಾನು ಸೋಲಲಿಲ್ಲ. ಸೋತಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ಫ್ಯಾಕ್ಟರಿಯಲ್ಲಿ ಮಿಷನ್ನಿನಿಂದ ಇಳಿದ ತಿರುಪುಗಳಿಗೆ ಎಣ್ಣೆ ಅಂಟಿರುತ್ತಿತ್ತು. ಅವನ್ನು ಮರದ ಹೊಟ್ಟು ತುಂಬಿದ ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಹೊಟ್ಟು ಎಣ್ಣೆಯನ್ನೆಲ್ಲ ಹೀರುತ್ತಿತ್ತು. ಹಳೆಯದಾದ ಹೊಟ್ಟನ್ನು ಶೆಡ್ಡಿನ ಹಿಂದೆ ಗುಡ್ಡೆ ಹಾಕುತ್ತಿದ್ದರು. ದಿನಾ ಕಣ್ಣೆದುರಿಗೇ ಇದ್ದ ಆ ಹೊಟ್ಟು ಅಂದು ನನಗೆ ಹೊಸದಾಗಿ ಕಂಡಿತು. ಒಣಗಿತ್ತು, ಮೆತ್ತಗಿತ್ತು, ಬೆಚ್ಚಗಿತ್ತು.

"ಎಷ್ಟ್ ಬೇಕಾದ್ರೂ ತುಂಬ್ಕೊಂಡೋಗಿ ಗುರು. ಎತ್ತಾಕೋರಿಲ್ದೆ ಬಿದ್ದಿದೆ," ಎಂದ ಸ್ಟೋರ್ಸಿನ ವೆಂಕಟೇಶ. ಮೂರು ಗೋಣಿಚೀಲ ತುಂಬಿ ಸೈಕಲ್ಲಿಗೆ ಕಟ್ಟಿದೆ.

ಹೊಟ್ಟಿನಲ್ಲಿ ಹಿತ್ತಾಳೆ ಚೂರುಗಳಿವೆ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ನಾನು ಅಷ್ಟು ದಡ್ಡನಲ್ಲ! ಚೂರು ಚೂಪಾಗಿದ್ದರೆ ಕೋಳಿಯ ಪಾದಕ್ಕೆ ಚುಚ್ಚುತ್ತದೆ ಎಂದು ಮೊದಲೇ ಯೋಚಿಸಿದೆ. ಅದಕ್ಕಾಗಿಯೇ ಫ್ಯಾಕ್ಟರಿಯ ಜರಡಿ ತಂದು ಮೂರೂ ಚೀಲವನ್ನು ಎರಡೆರಡು ಸಲ ಜರಡಿ ಹಿಡಿದೆ. ಉದ್ದದ ಸುರುಳಿಗಳು, ದಪ್ಪ ತುಣುಕುಗಳು ಎಲ್ಲ ಮೇಲೆ ಉಳಿದವು. ಕೆಳಗೆ ಬಿದ್ದ ಚೂರುಗಳಲ್ಲಿ ಒಂದೂ ರಾಗಿ ಕಾಳಿಗಿಂತ ದೊಡ್ಡದಿರಲಿಲ್ಲ. ಮರಳನ್ನೆಲ್ಲ ಬಾಚಿ ತೆಗೆದು, ನೆಲದ ಮೇಲೆ ಹೊಟ್ಟನ್ನು ನಾಲ್ಕು ಬೆರಳು ದಪ್ಪ ಹಾಸಿ, ಚಪ್ಪಲಿ ಬಿಟ್ಟು ನಾನೇ ಬರಿಗಾಲಲ್ಲಿ ಮೂರು ಸುತ್ತು ನಡೆದೆ. ಎಲ್ಲೂ ಚುಚ್ಚಲಿಲ್ಲ. ಜೇಬಿನಿಂದ ಹಸಿರು ಚೀಟಿ ತೆಗೆದು, ರುಜು ಹಾಕಿ, ಗೂಡಿನ ಬಾಗಿಲಿಗೆ ಕಟ್ಟಿದೆ.

ಕೋಳಿಗೆ ಪಾದವಲ್ಲದೆ ಕೊಕ್ಕೂ ಇರುತ್ತದೆ ಎಂಬ ಅಂಶ ನನ್ನ ಪರಿಶೀಲನೆಯಲ್ಲಿ ಬಿಟ್ಟುಹೋಗಿತ್ತು.

ಆರೂ ಕೋಳಿಗಳು ಒಳಗೆ ಹೋದದ್ದೇ ಕೆದಕಲು ಶುರುಮಾಡಿದವು. ಬಿಸಿಲಿಗೆ ಹೊಟ್ಟಿನ ನಡುವೆ ಅಲ್ಲಲ್ಲಿ ಏನೋ ಮಿಂಚುತ್ತಿತ್ತು. ಕೋಳಿಗಳು ಕುತ್ತಿಗೆ ಓರೆ ಮಾಡಿ ನೋಡುವುದು, ಟಕ್ಕೆಂದು ಕುಕ್ಕುವುದು, ಮತ್ತೆ ನೋಡುವುದು.

"ಎಷ್ಟ್ ಖುಷಿಯಾಗಿವೆ ನೋಡ್ರೀ! ಈ ಸಲ ಸಕ್ಕತ್ತಾಗಿ ಮಾಡಿದ್ದೀರ," ಎಂದು ಸರೋಜ ನಕ್ಕಳು. ನಕ್ಕಳು! ನಾನು ಮುನಿಯಮ್ಮನವರ ಕಡೆ ತಿರುಗಿ ಮೀಸೆ ಸವರಿಕೊಂಡೆ. ಅವರು, "ಅದೇನೋ ವಾಸ್ನೆ ಬತ್ತೈತಲ್ಲಪ್ಪ," ಎಂದಷ್ಟೇ ಹೇಳಿ ಒಳಗೆ ಹೋದರು.

ನಾಲ್ಕನೆಯ ದಿನ ಕಪ್ಪಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿತು. ಕಾಳು ಹಾಕಿದರೆ ಮುಟ್ಟಲಿಲ್ಲ. ಸರೋಜ ಗಾಬರಿಯಾದಳು. ನಾನು ಹತ್ತಿರ ಹೋಗಿ, ಬಗ್ಗಿ ನೋಡಿ, ಶೀತವೆಂದು ಘೋಷಿಸಿದೆ. ಶೀತಕ್ಕೆ ಪರಿಹಾರ? ಇನ್ನೊಂದು ಚೀಲ ಹೊಟ್ಟು! ಜರಡಿ ಹಿಡಿದು, ಎರಡು ಬೆರಳು ದಪ್ಪ ಹೆಚ್ಚಿಗೆ ಹಾಸಿದೆ.

ಮಾರನೆಯ ದಿನ ಕಪ್ಪಿ ಸತ್ತಿತು. ಅದರ ಮಾರನೆಯ ದಿನ ಎರಡು. ಸರೋಜ ಬೆಳ್ಳುಳ್ಳಿ, ಮೆಣಸು ಅರೆದು ಉಳಿದವುಗಳ ಬಾಯಿಗೆ ಹಾಕಿದಳು. ತೊಡೆಯ ಮೇಲೆ ಮಲಗಿಸಿಕೊಂಡು ಗಂಟೆಗಟ್ಟಲೆ ಕೂತಳು. ನಾನು ಹೊಂಗೆ ಮರದ ಕೆಳಗೆ ಗುಂಡಿ ತೋಡಿದೆ. ಮೊದಲ ಗುಂಡಿಯನ್ನು ಅಳತೆ ಮಾಡಿ ತೋಡಿದ್ದೆ. ಐದನೆಯದರ ಹೊತ್ತಿಗೆ ಅಳತೆ ಮಾಡುವುದನ್ನು ಬಿಟ್ಟೆ.

ಐದನೆಯದನ್ನು ಹೂತು ಬಂದಾಗ ಸರೋಜ ಕೈ ತೊಳೆಯುತ್ತಿದ್ದಳು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

"ನನ್ ಕೈಯಲ್ಲಿ ಯಾವ ಜೀವಾನೂ ಉಳಿಯಲ್ಲ ಕಣ್ರೀ," ಎಂದಳು. ನಂತರ ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು.

ನಾನು ಬಾಗಿಲಲ್ಲಿ ನಿಂತೆ. ಹೇಳಬೇಕಾದದ್ದು ಏನಾದರೂ ಇದ್ದರೆ ಅದನ್ನು ಹೇಳಬೇಕಾದ ಹೊತ್ತು ಅದೇ. ನಾನು "ತಿಂಡಿ ತಿಂದ್ಯಾ?" ಎಂದೆ. ಸಂಜೆ ನಾಲ್ಕು ಗಂಟೆಯಾಗಿತ್ತು.

ಆರನೆಯದು ಭಾನುವಾರ ಬೆಳಿಗ್ಗೆ ಸತ್ತಿತು. ಗುದ್ದಲಿ ಹುಡುಕುತ್ತಿದ್ದ ನನ್ನನ್ನು ಮುನಿಯಮ್ಮನವರು ತಡೆದರು. "ತಡಿಯಪ್ಪ. ರೋಗವಾಗಿದ್ರೆ ಗೂಡಲ್ಲಿದ್ದ ಆರ್ರಲ್ಲಿ ಒಂದಾದ್ರೂ ಉಳ್ಕೊಂಡಿರೋದು. ಏನೈತೆ ಅಂತ ನೋಡೇಬಿಡಾನ," ಎಂದು ಕೋಳಿಯನ್ನು ಒಗೆಯೋ ಕಲ್ಲಿನ ಮೇಲಿಟ್ಟು ಕುಡುಗೋಲಿನಿಂದ ಹೊಟ್ಟೆ ಸೀಳಿದರು. ಕಾಳು ಅರೆಯುವ ಚೀಲವನ್ನು ಹೊರಗೆಳೆದು ಕೊಯ್ದರು.

ಒಳಗೆಲ್ಲ ಥಳಥಳ ಹೊಳೆಯಿತು.

"ಇದೇನಪ್ಪಾ! ಕೋಳಿಗೆ ಚಿನ್ನ ತಿನ್ಸಿದ್ದೀಯ?" ಎಂದು ಮುನಿಯಮ್ಮನವರು ಕೂಗಿದರು.

ಚಿನ್ನವಲ್ಲ. ಅದು ನಮ್ಮ ಫ್ಯಾಕ್ಟರಿಯ ಹಿತ್ತಾಳೆ. ಅಂಗೈ ಮೇಲೆ ಹಾಕಿಕೊಂಡು ನೋಡಿದೆ. ಒಂದೂ ರಾಗಿ ಕಾಳಿಗಿಂತ ದೊಡ್ಡದಿರಲಿಲ್ಲ. ಕೋಳಿಯ ಕೊಕ್ಕಿಗೆ ಹಿಡಿಸದ ದೊಡ್ಡ ಚೂರುಗಳನ್ನೆಲ್ಲ ಕಷ್ಟಪಟ್ಟು ಆರಿಸಿ ತೆಗೆದು, ನುಂಗಲು ಸರಿಯಾದ ಅಳತೆಯವನ್ನು ಮಾತ್ರ ನಾನು ಅವುಗಳ ಮುಂದೆ ಹರಡಿದ್ದೆ. ಎರಡು ಸಲ ಜರಡಿ ಹಿಡಿದು! ಹನ್ನೊಂದು ವರ್ಷದ ಸರ್ವಿಸಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಇನ್ನೊಂದು ಮಾಡಿಲ್ಲ. ಬಾಗಿಲಲ್ಲಿ ನನ್ನ ರುಜು ಇದ್ದ ಹಸಿರು ಚೀಟಿ ಗಾಳಿಗೆ ಅಲ್ಲಾಡುತ್ತಿತ್ತು.

"ಆ ಮಗೀಗೆ ನೀನೇಳ್ತೀಯೋ, ನಾನೇಳ್ಲೋ?" ಎಂದು ಮುನಿಯಮ್ಮನವರು ಕೇಳಿದರು. ಅವರ ದನಿಯಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಸುಮ್ಮನಿದ್ದುಬಿಡೋಣ ಎಂದು ಅನ್ನಿಸಿದ್ದು ನಿಜ. ಕೋಳಿಗಳಿಗೆ ಬರುವ ಕೊಕ್ಕರೆ ರೋಗ ಬಂದಿತ್ತು ಎಂದು ಹೇಳಿದರೆ ನಂಬುತ್ತಿದ್ದಳು. ಆದರೆ ಅವಳು ಕೈ ತೊಳೆಯುತ್ತಿದ್ದದ್ದು ಕಣ್ಣ ಮುಂದೆ ಬಂತು. ಒಳಗೆ ಹೋಗಿ ಮಂಚದ ಪಕ್ಕ ನಿಂತು, ಅಂಗೈ ಬಿಡಿಸಿದೆ.

"ಇದು ಅವುಗಳ ಹೊಟ್ಟೇಲಿತ್ತು. ನಾನು ಹಾಸಿದ ಮರದ ಹೊಟ್ಟಿಂದ ಬಂದಿದ್ದು. ನಾನೇ ಕೊಂದೆ ಸರೋಜ. ನೀನಲ್ಲ."

ಅವಳು ಎದ್ದು ಕೂತು ನನ್ನ ಅಂಗೈಯನ್ನು ನೋಡಿದಳು.

"ನನ್ನಿಂದ ಅಲ್ವಾ?"

"ಅಲ್ಲ. ಇದೂ ಅಲ್ಲ, ಅದೂ ಅಲ್ಲ. ಅದು ಯಾರಿಂದಾನೂ ಅಲ್ಲ ಅಂತ ಡಾಕ್ಟರು ಹೇಳಿದ್ರು. ನಿನಗೆ ಹೇಳಬೇಕು ಅಂತ ನನಗೆ ಹೊಳೀಲಿಲ್ಲ."

ಮೂರು ತಿಂಗಳಿಗೂ ಹೆಚ್ಚು ಕಾಲ ಆ ಮಾತನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ! ಅದೇ ಹೊತ್ತಿನಲ್ಲಿ ಕುಳಿತು ನೆಲಕ್ಕೆ ರಸಮಟ್ಟ ಹಿಡಿದಿದ್ದೆ!

ಸರೋಜ ಅಳತೊಡಗಿದಳು. ಆಸ್ಪತ್ರೆಯಲ್ಲೂ ಅಳದವಳು ಬಿಕ್ಕಿ ಬಿಕ್ಕಿ ಅತ್ತಳು. ಅದು ಕೋಳಿಗಾಗಿ ಅಲ್ಲ ಎಂಬುದು ನನ್ನಂಥವನಿಗೂ ತಿಳಿಯಿತು. ನಾನು ನೀರು ತರಲು ಓಡಿದೆ. ತಂದುಕೊಟ್ಟೆ. ಕುಡಿಯಲಿಲ್ಲ. ಬೀಸಣಿಗೆ ತರಲು ಹೊರಟೆ. ಕಾಫಿ ಇಡಲೇ ಎಂದೆ. ಗೂಡಿನ ನೆಲವನ್ನೆಲ್ಲ ಅಗೆದು ಹೊಸದಾಗಿ...

"ರೀ, ಏನೂ ಮಾಡ್ಬೇಡಿ," ಎಂದಳು. "ಎಲ್ಲೂ ಹೋಗ್ಬೇಡಿ. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಅಷ್ಟೇ ಸಾಕು."

ಕೂತೆ. ಅವಳು ಅಳು ನಿಲ್ಲಿಸುವ ತನಕ ಕೂತೆ. ಆಮೇಲೆ ಇಬ್ಬರೂ ಎದ್ದು ಮುನಿಯಮ್ಮನವರ ಹಿತ್ತಿಲಿಗೆ ಹೋದೆವು. ಬಚ್ಚಲ ಒಲೆಯ ಪಕ್ಕದಲ್ಲಿ ಜಂಬಗಾತಿ ಬೂದಿಯೊಳಗೆ ಮೈ ಹುದುಗಿಸಿಕೊಂಡು ಕೂತಿತ್ತು. ನನ್ನ ಇಲಾಖೆಯ ಆದೇಶ ಧಿಕ್ಕರಿಸಿದ ಏಕೈಕ ಕೋಳಿ, ಬದುಕುಳಿದ ಏಕೈಕ ಕೋಳಿ. ಸರೋಜ ಅದರ ಮುಂದೆ ನೆಲದ ಮೇಲೆ ಕೂತಳು. ನಾನೂ ಅವಳ ಪಕ್ಕ ಕೂತೆ.

ಸ್ವಲ್ಪ ಹೊತ್ತಿನಲ್ಲಿ ನನಗೆ ಗೊತ್ತಿಲ್ಲದಂತೆ ನನ್ನ ಕೈ ಮುಂದೆ ಹೋಗಿ ಒಂದು ಚಿಟಿಕೆ ಬೂದಿ ಎತ್ತಿ ಬೆರಳ ನಡುವೆ ಉಜ್ಜಿ ನೋಡಿತು.

"ರೀ!" ಎಂದಳು ಸರೋಜ, ಕಣ್ಣು ಒರೆಸಿಕೊಳ್ಳುತ್ತಾ.

ಕೈ ಹಿಂದೆ ತೆಗೆದುಕೊಂಡೆ. ಬೂದಿ ನಯವಾಗಿತ್ತು, ಚೆನ್ನಾಗಿ ಒಣಗಿತ್ತು, ಎಲ್ಲಾ ರೀತಿಯಲ್ಲೂ ಹಸಿರು ಚೀಟಿಗೆ ಯೋಗ್ಯವಾಗಿತ್ತು. ಆದರೆ ಬಾಯಿ ಬಿಡಲಿಲ್ಲ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ.